ಟರ್ಬೊ ಕಾರಿನ ಇಂಟರ್‌ಕೂಲರ್ ಎಲ್ಲಿ ಕೂರಿಸುವುದು, ಹೇಗೆ ತಂಪಾಗಿಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಗ್ಯಾರೇಜು ಇರುವುದು ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ಸೀತಾಂಗೋಳಿಗಿಂತ ಸ್ವಲ್ಪ ಈಚೆ. ಮಾರ್ಚ್‌ನಲ್ಲಿ ಸೆಕೆ ಏರಿತೆಂದರೆ ಟರ್ಬೊ ಕಾರಿನವರು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. "ಬೆಳಿಗ್ಗೆ ಲಾಯ್ಕ ಎಳೆಯುತ್ತದೆ, ಮಧ್ಯಾಹ್ನ ಆದರೆ ಕೋಣ ಕೆಸರಲ್ಲಿ ಹೂತ ಹಾಗೆ." ಅವರೆಲ್ಲ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು, ಹಾಗಾಗಿ ಬರೆದಿಟ್ಟಿದ್ದೇನೆ. ಟರ್ಬೊ ಎಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪು; ಒತ್ತಿ ಕಾದ ಆ ಗಾಳಿಯನ್ನು ಎಂಜಿನ್ ಸೇರುವ ಮೊದಲು ತಣಿಸುವುದೇ ಇಂಟರ್‌ಕೂಲರ್.

ಇಂಟರ್‌ಕೂಲರ್ ಇಲ್ಲದಿದ್ದರೆ ಟರ್ಬೊ ಗಾಡಿ ಓಡುವುದಿಲ್ಲವಾ?

ಓಡುತ್ತದೆ. ಇಂಟರ್‌ಕೂಲರ್ ಇಲ್ಲದ ಟರ್ಬೊ ಡೀಸೆಲ್ ಗಾಡಿಗಳು ನಮ್ಮ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಿವೆ. ಆದರೆ ಸೈಕಲ್ಲಿಗೆ ಗಾಳಿ ಹೊಡೆದವರು ಪಂಪಿನ ಬುಡ ಮುಟ್ಟಿ ನೋಡಿರುತ್ತೀರಿ, ಕೈ ಚುರುಕ್ಕೆನ್ನುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಟರ್ಬೊ ಮಾಡುವುದೂ ಅದನ್ನೇ, ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತಾ.

ಒಂದು ಲೆಕ್ಕ ಹಾಕೋಣ. ಹೊರಗಿನ ಗಾಳಿ 35 ಡಿಗ್ರಿ. ಬೂಸ್ಟ್ (ಟರ್ಬೊ ಹೆಚ್ಚಿಸುವ ಒತ್ತಡ) 1 ಬಾರ್, ಅಂದರೆ ಒಟ್ಟು ಒತ್ತಡ ಹೊರಗಿನದರ ಎರಡು ಪಟ್ಟು. ಟರ್ಬೊದಲ್ಲಿ ಗಾಳಿ ಒತ್ತುವ ಕಂಪ್ರೆಸರ್‌ನ ದಕ್ಷತೆ ನೂರಕ್ಕೆ 70 ಎಂದು ಹಿಡಿದರೆ ಟರ್ಬೊದಿಂದ ಹೊರಬೀಳುವ ಗಾಳಿ ಸುಮಾರು 130 ಡಿಗ್ರಿ ಇರುತ್ತದೆ. ಕಾದ ಗಾಳಿ ಹಿಗ್ಗಿ ಜಾಗ ತಿನ್ನುತ್ತದೆ, ಸಿಲಿಂಡರ್ ತುಂಬಿದ ಹಾಗೆ ಕಂಡರೂ ಒಳಗೆ ಆಮ್ಲಜನಕ ಕಡಿಮೆ. ಅದನ್ನೇ 60 ಡಿಗ್ರಿಗೆ ಇಳಿಸಿದರೆ ಅಷ್ಟೇ ಜಾಗದಲ್ಲಿ ಐದನೇ ಒಂದು ಪಾಲು ಹೆಚ್ಚು ಗಾಳಿ ಹಿಡಿಯುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಇನ್ನೊಂದು ಸಂಗತಿ ಉಂಟು: ಬಿಸಿ ಗಾಳಿ ಹೋದರೆ ಪೆಟ್ರೋಲ್ ತಾನಾಗಿ ಸಿಡಿದು ಎಂಜಿನ್ ಬಡಿಯತೊಡಗುತ್ತದೆ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಅದನ್ನು ಕೇಳಿಸಿಕೊಂಡು ಕಿಡಿ ಕೊಡುವ ಹೊತ್ತನ್ನು ಹಿಂದೆ ಸರಿಸುತ್ತದೆ, ಪಿಕಪ್ ಬೀಳುತ್ತದೆ. ಡೀಸೆಲ್ ಬಡಿಯುವುದಿಲ್ಲ, ಹೊಗೆ ಕಾರುತ್ತದೆ, ಎಕ್ಸಾಸ್ಟ್ ವಿಪರೀತ ಕಾಯುತ್ತದೆ.

ಎಷ್ಟು ಶಾಖ ತೆಗೆಯಬೇಕು ಎಂಬುದನ್ನೂ ನೋಡಿ. 100 ಕುದುರೆ ಶಕ್ತಿಯ ಡೀಸೆಲ್ ಎಂಜಿನ್ ಪೂರ್ತಿ ದುಡಿಯುವಾಗ ಸೆಕೆಂಡಿಗೆ ಹೆಚ್ಚುಕಡಿಮೆ 100 ಗ್ರಾಂ ಗಾಳಿ ಎಳೆಯುತ್ತದೆ. ಅದನ್ನು 70 ಡಿಗ್ರಿ ಇಳಿಸಲು 7 ಕಿಲೋವ್ಯಾಟ್ ಶಾಖ ಹೊರಹಾಕಬೇಕು. ಅಡುಗೆಮನೆಯ ಇಂಡಕ್ಷನ್ ಒಲೆ 2 ಕಿಲೋವ್ಯಾಟ್‌ನದು, ಅಂಥ ಮೂರೂವರೆ ಒಲೆ. ಇಷ್ಟು ಬಿಸಿಯನ್ನು ಬಂಪರ್ ಹಿಂದಿನ ಒಂದು ತೆಳ್ಳಗಿನ ಅಲ್ಯುಮಿನಿಯಂ ಪೆಟ್ಟಿಗೆ ಗಾಳಿಗೆ ಬಿಡಬೇಕು.

ಹಾಗಾದರೆ ಎಲ್ಲಿ ಕೂರಿಸಿದರೆ ಒಳ್ಳೆಯದು?

ಜಾಗಗಳು ಮುಖ್ಯವಾಗಿ ಮೂರು. ಮುಂದೆ ಬಂಪರ್ ಹಿಂದೆ, ಪಕ್ಕದಲ್ಲಿ ಚಕ್ರದ ಮುಂದಿನ ಮೂಲೆಯಲ್ಲಿ, ಇಲ್ಲವೇ ಎಂಜಿನ್ ನೆತ್ತಿಯ ಮೇಲೆ.

ಮುಂದೆ ಇಟ್ಟರೆ ತಣ್ಣನೆಯ ಗಾಳಿ ಮೊದಲು ಸಿಗುವುದು ಅದಕ್ಕೆ. ಆದರೆ ಅದರ ಹಿಂದೆ ಎಸಿಯ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಒಂದೇ ಗಾಳಿ ಮೂರು ಕಡೆ ದುಡಿಯಬೇಕು. ಇಂಟರ್‌ಕೂಲರ್ ಬಿಟ್ಟ ಬಿಸಿಯನ್ನೇ ಉಳಿದೆರಡೂ ಉಸಿರಾಡುತ್ತವೆ. ನಮ್ಮ ಊರಲ್ಲಿ ಎಸಿ ಬಂದ್ ಮಾಡಿ ಕಾರು ಓಡಿಸುವವರು ಯಾರಿದ್ದಾರೆ? ಹಾಗಾಗಿ ಮುಂದೆ ಕೂರಿಸುವವರು ಬೂಸ್ಟ್ ಮೀಟರ್ ನೋಡುವ ಮೊದಲು ಎಂಜಿನ್ ತಣಿಸುವ ನೀರಿನ ಬಿಸಿ ತೋರಿಸುವ ಕೂಲಂಟ್ ಮೀಟರ್ ನೋಡಬೇಕು.

ಪಕ್ಕದ ಮೂಲೆಯ ಜಾಗ ನೋಡಲು ಬಡವ, ಆದರೆ ಮರ್ಯಾದೆಯಿಂದ ಕೆಲಸ ಮಾಡುತ್ತದೆ. ರೇಡಿಯೇಟರ್‌ಗೆ ತೊಂದರೆ ಇಲ್ಲ, ಪೈಪು ಗಿಡ್ಡ. ಇದಕ್ಕೆ ಬಂಪರ್‌ನಿಂದ ಬರುವ ಗಾಳಿಯ ದಾರಿಯೂ ಬೇಕು, ಚಕ್ರದ ಗೂಡಿನ ಪ್ಲಾಸ್ಟಿಕ್‌ನಲ್ಲಿ ಹೊರಹೋಗುವ ಕಿಂಡಿಯೂ ಬೇಕು. ಅಪಘಾತವಾದ ಗಾಡಿಗೆ ಅಗ್ಗದ ಪ್ಲಾಸ್ಟಿಕ್ ಹಾಕಿಸಿದಾಗ ಆ ಕಿಂಡಿಗಳೇ ಇರುವುದಿಲ್ಲ. "ಬಂಪರ್ ಕೆಲಸ ಆದ ಮೇಲೆ ಪಿಕಪ್ ಇಲ್ಲ" ಎಂದು ಬಂದವರಿಗೆ ನಾನು ಮೊದಲು ಕೈ ಹಾಕಿ ನೋಡುವುದು ಅಲ್ಲಿಗೇ.

ನೆತ್ತಿಯ ಮೇಲಿನದ್ದರ ಗುಣ ಎಂದರೆ ಪೈಪು ಗೇಣುದ್ದ ಸಾಕು. ದೋಷ ಎಂದರೆ ಅದು ಒಲೆಯ ಮೇಲೆ ಕೂತ ಹಾಗೆ. ಓಡುತ್ತಿರುವಷ್ಟು ಹೊತ್ತು ಸರಿ, ನಿಂತರೆ ಕೆಳಗಿನಿಂದ ಎಂಜಿನ್ ಅದನ್ನು ಬೇಯಿಸುತ್ತದೆ.

ಕಂಪನಿ ಎಲ್ಲಿ ಇಟ್ಟಿದೆಯೋ ಅಲ್ಲೇ ಇರಲಿ, ಅಲ್ಲಿಯ ಗಾಳಿಯ ದಾರಿ ಸರಿಮಾಡಿ. ಇದು ನನ್ನ ಅಭಿಪ್ರಾಯ. ಜಾಗ ಬದಲಿಸುವ ಅಗತ್ಯ ನಿಜವಾಗಿ ಇದ್ದವರನ್ನು ನಾನು ಕಂಡದ್ದು ತೀರಾ ಕಡಿಮೆ.

ಬಾನೆಟ್ ಮೇಲೆ ಮೂಗಿನ ಹಾಗೆ ಒಂದು ಇರುತ್ತದಲ್ಲ, ಅದು ಶೋಕಿಗಾ?

ಕೆಲವು ಗಾಡಿಗಳಲ್ಲಿ ಕೆಲಸಕ್ಕೆ, ಕೆಲವದರಲ್ಲಿ ಬರೀ ಶೋಕಿಗೆ. 3 ಲೀಟರ್ ಡೀಸೆಲ್‌ನ ಹಳೆಯ ಫಾರ್ಚೂನರ್‌ನಲ್ಲಿ ಅದು ನೇರ ಇಂಟರ್‌ಕೂಲರ್‌ಗೇ ಗಾಳಿ ಕೊಡುತ್ತದೆ. ಸುಬಾರು ಇಂಪ್ರೆಜಾ ಡಬ್ಲ್ಯೂಆರ್‌ಎಕ್ಸ್‌ನದೂ ಹಾಗೆಯೇ. 1978ರಲ್ಲಿ ಪೋರ್ಶೆ 911 ಟರ್ಬೊ 3.3 ಲೀಟರ್ ಆದಾಗ ಇಂಟರ್‌ಕೂಲರ್ ಇಡಲು ಹಿಂಬದಿಯ ದೊಡ್ಡ ರೆಕ್ಕೆಯನ್ನೇ ಬದಲಿಸಿ ಅದರ ಕೆಳಗೆ ಕೂರಿಸಿದರು, ಎಂಜಿನ್ ಇರುವುದೇ ಅಲ್ಲಿ ಹಿಂದೆ.

ನಿಮ್ಮದು ಯಾವ ಜಾತಿಯದ್ದು ಎಂದು ತಿಳಿಯಲು ಬಾನೆಟ್ ಎತ್ತಿ ಕೆಳಗಿನಿಂದ ನೋಡಿ. ಬೆಳಕು ಕಾಣಬೇಕು, ಬಾನೆಟ್ ಮುಚ್ಚಿದಾಗ ಇಂಟರ್‌ಕೂಲರ್‌ನ ಸುತ್ತ ಒತ್ತಿ ಕೂರುವ ರಬ್ಬರ್ ಪಟ್ಟಿ ಇರಬೇಕು. ಆ ರಬ್ಬರ್ ಹರಿದಿದ್ದರೆ ಮೂಗಿನಿಂದ ಬಂದ ಗಾಳಿ ಅಡ್ಡದಾರಿ ಹಿಡಿಯುತ್ತದೆ. ಸಣ್ಣ ಖರ್ಚಿನ ರಬ್ಬರ್, ಯಾರೂ ಬದಲಿಸುವುದಿಲ್ಲ.

ಗಾಳಿ ಚೆನ್ನಾಗಿ ಬರಲಿ ಎಂದು ಬಂಪರ್‌ನ ತೂತು ದೊಡ್ಡದು ಮಾಡಿಸಿದೆ. ವ್ಯತ್ಯಾಸವೇ ಇಲ್ಲ. ಎಂತಕ್ಕೆ?

ಈ ಪ್ರಶ್ನೆಗೆ ಉತ್ತರ ನಾನು ಕಲಿತದ್ದು ಮಡಿಕೇರಿಗೆ ಹತ್ತುವ ಸಂಪಾಜೆ ಘಾಟಿಯಲ್ಲಿ, ನನ್ನದೇ ಗಾಡಿಯಲ್ಲಿ.

ಹೊಸತರಲ್ಲಿ ನಾನೂ ಎಲ್ಲರ ಹಾಗೆ ದೊಡ್ಡ ಇಂಟರ್‌ಕೂಲರ್ ತಂದು ಮುಂದೆ ಕಟ್ಟಿದೆ. ಬಂಪರ್ ಕೊಯ್ದೆ, ಗ್ರಿಲ್‌ನ ಜಾಲರಿ ತೆಗೆದೆ. ಚೆರ್ಕಳದಿಂದ ಮುಳ್ಳೇರಿಯ, ಜಾಲ್ಸೂರು, ಸುಳ್ಯ ಎಲ್ಲ ದಾಟಿ ಗಮ್ಮತ್ತಿನಲ್ಲಿ ಹೋದೆ. ಘಾಟಿ ಹತ್ತಲು ಸುರುವಾಗಿ ಸ್ವಲ್ಪ ಹೊತ್ತಿಗೆ ಕೂಲಂಟ್ ಮುಳ್ಳು ಮೇಲೆ, ಎಸಿ ಬಿಸಿ ಗಾಳಿ, ಪಿಕಪ್ ಮೊದಲಿಗಿಂತ ಕಡಿಮೆ. ಕೊಯ್ನಾಡಿನ ಹತ್ತಿರ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ ಕೂತೆ. ಹೆಂಡತಿ ಮಾತೇ ಆಡಲಿಲ್ಲ, ಅದು ಬೈಗುಳಕ್ಕಿಂತ ಹೆಚ್ಚು.

ಮನೆಗೆ ಬಂದು ನೋಡಿದರೆ ತಪ್ಪು ಎರಡು. ಇಂಟರ್‌ಕೂಲರ್‌ನ ಸುತ್ತ ನಾಲ್ಕೂ ಬದಿ ಅಂಗೈ ಅಗಲದ ಸಂದು ಬಿಟ್ಟಿದ್ದೆ. ಗಾಳಿ ಸೋಮಾರಿ. ತೆಳು ತಗಡಿನ ಹಲ್ಲುಗಳ ಹಾಗಿರುವ ಒತ್ತೊತ್ತಾದ ಫಿನ್‌ಗಳ ನಡುವೆ ನುಸುಳುವುದಕ್ಕಿಂತ ಪಕ್ಕದ ಸಂದಿಯಲ್ಲಿ ಜಾರಿ ಹೋಗುವುದು ಅದಕ್ಕೆ ಸುಲಭ. ಎರಡನೆಯದು, ಕೆಳಗಿನ ಪ್ಲಾಸ್ಟಿಕ್ ತಟ್ಟೆ ಅಡ್ಡ ಬರುತ್ತದೆಂದು ತೆಗೆದೆಸೆದಿದ್ದೆ. ಆ ತಟ್ಟೆ ಇದ್ದಾಗ ಗಾಡಿಯ ಕೆಳಗೆ ಓಡುವ ಗಾಳಿ ಎಂಜಿನ್ ಕೋಣೆಯ ಬಿಸಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ತೆಗೆದ ಮೇಲೆ ಕೆಳಗಿನಿಂದಲೂ ಗಾಳಿ ಒಳನುಗ್ಗಿ ಕೋಣೆಯಲ್ಲಿ ಒತ್ತಡ ಏರಿತು. ಮುಂದಿನಿಂದ ಬಂದ ಗಾಳಿಗೆ ಹೋಗಲು ಜಾಗವೇ ಇಲ್ಲ.

ನಮ್ಮ ಹಳೆ ಮನೆಗಳಲ್ಲಿ ಒಂದೇ ಕಿಟಕಿಯ ಕೋಣೆ ಇರುತ್ತಿತ್ತಲ್ಲ, ಕಿಟಕಿ ಎಷ್ಟು ದೊಡ್ಡದಿದ್ದರೂ ಮಧ್ಯಾಹ್ನ ಮಲಗಲು ಆಗುತ್ತಿರಲಿಲ್ಲ. ಎದುರು ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ತೆಗೆದರೆ ಗಾಳಿ ಆಡುತ್ತದೆ. ಇಲ್ಲೂ ಅದೇ. ಇಂಟರ್‌ಕೂಲರ್‌ನ ಮುಖದ ವಿಸ್ತಾರದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಬಾಯಿ ಸಾಕು. ಆ ಬಾಯಿಯಿಂದ ಇಂಟರ್‌ಕೂಲರ್‌ನ ಕೊಳವೆ, ಫಿನ್‌ಗಳಿರುವ ನಡುಭಾಗವಾದ ಕೋರ್‌ವರೆಗೆ ನಿಧಾನಕ್ಕೆ ಅಗಲವಾಗುವ ಪೆಟ್ಟಿಗೆ ಮಾಡಿ, ಅಂಚುಗಳನ್ನು ಫೋಮ್ ಪಟ್ಟಿಯಿಂದ ಮುಚ್ಚಿ. ನಾನು ಮೊದಲ ಸಲ ಮಾಡಿದ್ದು ಮನೆಯಲ್ಲಿ ಬಿದ್ದಿದ್ದ ಚಾಪೆಯ ಫೋಮ್ ತುಂಡು ಮತ್ತು ಅಲ್ಯುಮಿನಿಯಂ ತಗಡಿನಿಂದ. ತಟ್ಟೆಯನ್ನು ಗುಜರಿಯಿಂದ ಹುಡುಕಿ ತಂದು ಹಾಕಿದೆ. ಮತ್ತೆ ಅದೇ ಘಾಟಿ ಹತ್ತಿದಾಗ ಮುಳ್ಳು ನಡುವಿನಿಂದ ಅಲುಗಲಿಲ್ಲ.

ಗಾಳಿ ನಿಜವಾಗಿ ಕೋರ್ ಮೂಲಕ ಹೋಗುತ್ತದೆಯೇ ಎಂದು ನೋಡಲು ಉಣ್ಣೆಯ ನೂಲಿನ ತುಂಡುಗಳನ್ನು ಟೇಪಿನಿಂದ ಕೋರ್‌ನ ಮುಂದೆ, ಅಂಚಿನಲ್ಲಿ ಅಂಟಿಸಿ, ಮೊಬೈಲ್ ಗಟ್ಟಿಯಾಗಿ ಕಟ್ಟಿ ವಿಡಿಯೊ ತೆಗೆಯಿರಿ. ನೂಲು ಒಳಗೆ ಬಾಗಿದರೆ ಸರಿ, ಪಕ್ಕಕ್ಕೆ ಬಾಗಿದರೆ ಸಂದು ಹುಡುಕಿ.

ಬಿಸಿ ಹೊರಗೆ ಹೋಗಲಿ ಎಂದು ಬಾನೆಟ್‌ನ ಹಿಂದಿನ ಅಂಚಿಗೆ ವಾಷರ್ ಇಟ್ಟು ಎತ್ತುತ್ತಾರಲ್ಲ?

ನಿಂತಾಗ ಬಿಸಿ ಹೋಗುತ್ತದೆ, ಸುಳ್ಳಲ್ಲ. ಓಡುವಾಗ ಉಲ್ಟಾ. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಬಡಿದು ಒತ್ತಡ ಹೆಚ್ಚಿರುತ್ತದೆ, ಅಲ್ಲಿಂದ ಗಾಳಿ ಒಳಗೇ ನುಗ್ಗುತ್ತದೆ. ಮಳೆಗಾಲದಲ್ಲಿ ನೀರೂ ನುಗ್ಗುತ್ತದೆ. ಬೇಡ.

ಇಂಟರ್‌ಕೂಲರ್ ದೊಡ್ಡದಾದಷ್ಟೂ ಒಳ್ಳೆಯದಲ್ಲವಾ?

ಒಂದು ಹದದವರೆಗೆ. ಕೋರ್‌ನ ಒಳಗೆ ಗಾಳಿ ಉಜ್ಜಿಕೊಂಡು ಹೋಗುವಾಗ ಒತ್ತಡ ಸ್ವಲ್ಪ ಕಳೆದುಹೋಗುತ್ತದೆ. 0.1 ಬಾರ್ ಕಳೆದರೆ ಮೇಲೆ ಹೇಳಿದ ಐದನೇ ಒಂದು ಪಾಲಿನ ಲಾಭದಲ್ಲಿ ಕಾಲು ಭಾಗದಷ್ಟು ಅಲ್ಲೇ ಹೋಯಿತು. ಕೆಟ್ಟ ಕೋರ್ ಆದರೆ ಇನ್ನೂ ಹೆಚ್ಚು.

ದಪ್ಪಕ್ಕಿಂತ ಅಗಲ ಮೇಲು. ತೀರಾ ದಪ್ಪ ಕೋರ್‌ನಲ್ಲಿ ಹಿಂದಿನ ಸಾಲಿನ ಫಿನ್‌ಗಳಿಗೆ ತಲುಪುವಾಗ ಗಾಳಿ ಅದಾಗಲೇ ಬಿಸಿ, ಅವು ಬರೀ ಭಾರ. ಪೆಟ್ಟಿಗೆಯಂಥ ಭಾರದ ಕೋರ್ ಬೇಗ ಕಾಯುವುದಿಲ್ಲ, ಕಾದರೆ ಬೇಗ ಆರುವುದೂ ಇಲ್ಲ. ತೆಳು ಕೊಳವೆಯ ಹಗುರ ಕೋರ್ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಹೆದ್ದಾರಿಯಲ್ಲಿ ಒಂದೇ ಸಮ ಓಡುವವರಿಗೆ ಹಗುರದ್ದು, ಸಿಗ್ನಲ್‌ನಿಂದ ಸಿಗ್ನಲ್‌ಗೆ ನೆಗೆಯುವವರಿಗೆ ಭಾರದ್ದು. ಕಲ್ಲು ಬಡಿದಾಗ ಉಳಿಯುವುದು ಭಾರದ್ದೇ.

ಒಂದು ಎಚ್ಚರಿಕೆ. ಹೊರಗಿನಿಂದ ಥಳಥಳ ಹೊಳೆಯುವ ಅಗ್ಗದ ಕೋರ್ ಒಂದನ್ನು ನಾನು ಹಣ ಕೊಟ್ಟು ತಂದು, ಸೋರಿದ ಮೇಲೆ ಕೊಯ್ದು ನೋಡಿದ್ದೇನೆ. ಕೊಳವೆಗಳ ಒಳಗೆ ಫಿನ್ನೇ ಇರಲಿಲ್ಲ, ಬರೀ ಪೊಳ್ಳು. ಕೊಳ್ಳುವ ಮೊದಲು ಬಾಯಿಗೆ ಟಾರ್ಚ್ ಹಿಡಿದು ಇಣುಕಿ.

ಪೈಪು ಉದ್ದವಾದರೆ ಟರ್ಬೊ ಲ್ಯಾಗ್ ಹೆಚ್ಚುತ್ತದಂತೆ?

ಹೆಚ್ಚುತ್ತದೆ (ಲ್ಯಾಗ್ ಎಂದರೆ ಕಾಲು ಒತ್ತಿದ ಮೇಲೆ ಬೂಸ್ಟ್ ಬರಲು ಆಗುವ ತಡ), ಆದರೆ ಜನ ಹೆದರುವಷ್ಟಲ್ಲ. ಪೈಪು ಮತ್ತು ಕೋರ್ ಸೇರಿ 10 ಲೀಟರ್ ಹೆಚ್ಚಾಯಿತು ಎನ್ನಿ. ಅದನ್ನು 1 ಬಾರ್‌ಗೆ ತುಂಬಲು ಬೇಕಾದದ್ದು ಹೊರಗಿನ 10 ಲೀಟರ್ ಗಾಳಿ. ಎಂಜಿನ್ ಪೂರ್ತಿ ಎಳೆಯುವಾಗ ಸೆಕೆಂಡಿಗೆ 80 ಲೀಟರ್‌ಗೂ ಮೇಲೆ ಹರಿಯುತ್ತದೆ, ಕಡಿಮೆ ಸುತ್ತಿನಲ್ಲಿ ಅದರ ಮೂರನೇ ಒಂದು ಪಾಲು ಎಂದರೂ ಅರ್ಧ ಸೆಕೆಂಡಿನ ಒಳಗಿನ ಮಾತು. ಲ್ಯಾಗ್‌ನ ಬಹುಪಾಲು ಟರ್ಬೊದ ಚಕ್ರ ವೇಗ ಹಿಡಿಯುವುದರಲ್ಲೇ ಹೋಗುತ್ತದೆ. ಪೈಪಿನಲ್ಲಿ ನೋಡಬೇಕಾದ್ದು ತಿರುವುಗಳನ್ನು, ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಪೈಪಿಗೆ ಬಿಸಿ ತಡೆಯುವ ಬಟ್ಟೆ ಸುತ್ತುವವರು ಎಕ್ಸಾಸ್ಟ್‌ಗೆ, ಟರ್ಬೊದ ಬಿಸಿ ಬದಿಗೆ ಸುತ್ತಿ. ಇಂಟರ್‌ಕೂಲರ್‌ನಿಂದ ಎಂಜಿನ್‌ಗೆ ಹೋಗುವ ಪೈಪಿನಲ್ಲಿ ಗಾಳಿ ಕಣ್ಣುಮಿಟುಕಿಸುವುದರೊಳಗೆ ದಾಟಿ ಹೋಗುತ್ತದೆ, ಅಲ್ಲಿ ಸುತ್ತಿದರೂ ಬಿಟ್ಟರೂ ದೊಡ್ಡ ಫರಕಿಲ್ಲ.

ನೀರಿನಿಂದ ತಂಪಾಗುವ ಇಂಟರ್‌ಕೂಲರ್ ನಮ್ಮ ಸೆಕೆಗೆ ಮೇಲಾ?

ಫೋಕ್ಸ್‌ವ್ಯಾಗನ್, ಸ್ಕೋಡಾಗಳ 1.0 ಟಿಎಸ್‌ಐ ಎಂಜಿನ್‌ನಲ್ಲಿ ಅದೇ ಇರುವುದು, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ನ ಹೊಟ್ಟೆಯೊಳಗೆ. ಅದಕ್ಕೆ ಪ್ರತ್ಯೇಕ ನೀರಿನ ಸುತ್ತು, ಪ್ರತ್ಯೇಕ ವಿದ್ಯುತ್ ಪಂಪು, ಮುಂದೆ ಪ್ರತ್ಯೇಕ ಸಣ್ಣ ರೇಡಿಯೇಟರ್. ಗಾಳಿಯ ದಾರಿ ಗಿಡ್ಡ, ಹಾಗಾಗಿ ಕಾಲಿಟ್ಟ ಕೂಡಲೇ ಸ್ಪಂದನೆ. ನೀರು ಶಾಖವನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ಸಣ್ಣ ಸಣ್ಣ ಓವರ್‌ಟೇಕ್‌ಗಳಿಗೆ ಲಾಯಕ್ಕು.

ಆದರೆ ಕೊನೆಗೆ ಆ ನೀರೂ ಬಿಸಿ ಬಿಡಬೇಕಾದ್ದು ಇದೇ ಸೆಕೆಯ ಗಾಳಿಗೆ. ಉದ್ದದ ಏರಿನಲ್ಲಿ ಸಣ್ಣ ರೇಡಿಯೇಟರ್ ಸೋತರೆ ನೀರೂ ಕಾಯುತ್ತದೆ. ಹೊರಗಿನಿಂದ ಕಿಟ್ ತಂದು ಹಾಕಿಸುವವರಿಗೆ ಒಂದು ಮಾತು: ದುಡ್ಡು ಉಳಿಸಲು ಎಂಜಿನ್‌ನ ಕೂಲಂಟ್ ಪೈಪಿಗೇ ಸೇರಿಸಬೇಡಿ. ಅದು 90 ಡಿಗ್ರಿಯ ನೀರು, ಅದರಿಂದ ಗಾಳಿಯನ್ನು 60ಕ್ಕೆ ಇಳಿಸಲು ಯಾವ ದೇವರಿಂದಲೂ ಆಗದು.

ಐಸ್ ಹಾಕಬಹುದಾ ಎಂದು ಒಬ್ಬ ಹುಡುಗ ಕೇಳಿದ್ದ, ಮೀನು ಮಾರ್ಕೆಟಿನಿಂದ ತರುತ್ತೇನೆ ಎಂದು. ಒಂದು ಕಿಲೋ ಐಸ್ ಕರಗಿ 40 ಡಿಗ್ರಿಯ ನೀರಾಗುವವರೆಗೆ ಸುಮಾರು 500 ಕಿಲೋಜೂಲ್ ಹೀರುತ್ತದೆ. 7 ಕಿಲೋವ್ಯಾಟ್ ಲೆಕ್ಕದಲ್ಲಿ 70 ಸೆಕೆಂಡ್. ನೇರ ರಸ್ತೆಯ ಕಾಲು ಮೈಲಿ ಓಟಕ್ಕೆ ಸಾಕು. ಕುಂಬಳೆಯಿಂದ ಕಾಸರಗೋಡಿಗೆ ಸಾಲದು, ವಾಸನೆ ಬೇರೆ.

ಇಂಟರ್‌ಕೂಲರ್ ಮೇಲೆ ನೀರು ಚಿಮುಕಿಸಿದರೆ?

ಕೆಲಸ ಮಾಡುತ್ತದೆ. ಸುಬಾರು ಎಸ್‌ಟಿಐ, ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಷನ್‌ಗಳ ಕೆಲವು ಮಾದರಿಗಳಲ್ಲಿ ಕಂಪನಿಯೇ ಸ್ಪ್ರೇ ಕೊಟ್ಟಿತ್ತು. ನೀರು ಆವಿಯಾಗುವಾಗ ಗ್ರಾಂಗೆ ಎರಡೂವರೆ ಕಿಲೋಜೂಲ್‌ಗೆ ತುಸು ಕಡಿಮೆ ಶಾಖ ಎಳೆದುಕೊಳ್ಳುತ್ತದೆ. ನಮ್ಮ 100 ಕುದುರೆ ಶಕ್ತಿಯ ಎಂಜಿನ್‌ಗೆ ಇನ್ನೂ 10 ಡಿಗ್ರಿ ಇಳಿಸಲು ನಿಮಿಷಕ್ಕೆ 25 ಮಿಲಿಲೀಟರ್ ಆವಿಯಾದರೆ ಸಾಕು. ತೊಟ್ಟಿಕ್ಕಿ ನೆಲಕ್ಕೆ ಬೀಳುವುದನ್ನೂ ಸೇರಿಸಿ ಎರಡರಷ್ಟು ಇಟ್ಟುಕೊಳ್ಳಿ. ಹನಿ ಮಂಜಿನ ಹಾಗೆ ಸಣ್ಣದಿರಬೇಕು, ತೋಟದ ಸ್ಪ್ರಿಂಕ್ಲರ್ ಹಾಗೆ ಅಲ್ಲ.

"ಸೆಕೆಯಲ್ಲಿ ಬೆವರೇ ಆರುವುದಿಲ್ಲ, ಈ ನೀರು ಆರುತ್ತದಾ?" ಎನ್ನುತ್ತಾರೆ. ಪ್ರಶ್ನೆ ಒಳ್ಳೆಯದೇ. ನಮ್ಮ ಚರ್ಮ 35 ಡಿಗ್ರಿಯ ಹತ್ತಿರ, ಅದಕ್ಕೆ ಆರುವುದಿಲ್ಲ. ಏರಿನಲ್ಲಿ ಕಾದ ಫಿನ್ 70, 80 ಡಿಗ್ರಿ ಇರುತ್ತದೆ, ಅಲ್ಲಿ ಎಂಥ ಸೆಕೆಯಲ್ಲೂ ನೀರು ಆವಿಯಾಗುತ್ತದೆ. ಆದರೆ ಫಿನ್ ತಣಿದು ಹೊರಗಿನ ಗಾಳಿಯ ಹತ್ತಿರ ಬಂದಂತೆ ಕರಾವಳಿಯಲ್ಲಿ ಲಾಭ ನಿಂತುಹೋಗುತ್ತದೆ. ಅನಂತಪುರದ ಕಡೆಯ ಒಣ ಗಾಳಿಯಲ್ಲಿ ಇನ್ನೂ ಕೆಳಗೆ ಇಳಿಯುತ್ತದೆ. (ಆಂಧ್ರದ ಅನಂತಪುರ, ನಮ್ಮ ಕುಂಬಳೆಯ ಕೆರೆ ದೇವಸ್ಥಾನದ ಅನಂತಪುರ ಅಲ್ಲ.)

ಸಮುದ್ರದ ಹತ್ತಿರದ ಉಪ್ಪು ಬಾವಿಯ ನೀರು ಬೇಡ, ಫಿನ್‌ಗಳ ಮೇಲೆ ಉಪ್ಪು ಕೂರುತ್ತದೆ. ಮಳೆನೀರು ಹಿಡಿದಿಟ್ಟರೆ ಉತ್ತಮ.

ಎಸಿಯಿಂದ ಸೋರುವ ನೀರನ್ನೇ ಅದಕ್ಕೆ ಬಿಟ್ಟರೆ?

ಉಪಾಯ ಚಂದ ಉಂಟು, ಆ ನೀರು ಶುದ್ಧ, ತಣ್ಣಗೂ ಇರುತ್ತದೆ. ಆದರೆ ಅದು ತೊಟ್ಟಿಕ್ಕುವುದು ಒಂದೇ ಜಾಗಕ್ಕೆ, ಕೋರ್ ಉದ್ದಕ್ಕೂ ಹರಡುವುದಿಲ್ಲ. ಬಾಟಲಿಯಲ್ಲಿ ಹಿಡಿದು ಸ್ಪ್ರೇ ಟ್ಯಾಂಕಿಗೆ ಹಾಕಿ, ಖರ್ಚಿಲ್ಲದ ಡಿಸ್ಟಿಲ್ಡ್ ವಾಟರ್.

ಮಳೆಗಾಲದಲ್ಲಿ ಇಂಟರ್‌ಕೂಲರ್ ಬಿಚ್ಚಿದಾಗ ಒಳಗೆ ನೀರು ಕಂಡಿತು. ತೂತಾಗಿದೆಯಾ?

ಆಗಿರಬೇಕೆಂದಿಲ್ಲ. 30 ಡಿಗ್ರಿ, ತೇವಾಂಶ ನೂರಕ್ಕೆ 85 ಇರುವ ನಮ್ಮ ಗಾಳಿಯಲ್ಲಿ ಸಾಮಾನ್ಯವಾಗಿ 27 ಡಿಗ್ರಿಗೆ ಇಳಿದರೆ ಇಬ್ಬನಿ ಕಟ್ಟುತ್ತದೆ. ಅದೇ ಗಾಳಿಯನ್ನು ಎರಡು ಪಟ್ಟು ಒತ್ತಿದರೆ 40 ಡಿಗ್ರಿಯ ಹತ್ತಿರವೇ ಇಬ್ಬನಿ ಕಟ್ಟತೊಡಗುತ್ತದೆ. ಹೊರಗೆ ಜಡಿಮಳೆ, ಕೋರ್ ಪೂರ್ತಿ ಒದ್ದೆ, ಒಳಗಿನ ಗಾಳಿ 35ಕ್ಕೆ ಇಳಿಯಿತು: ನೀರು ಬಿದ್ದೇ ಬೀಳುತ್ತದೆ. ಮಳೆಗಾಲದಲ್ಲಿ ಇಂಟರ್‌ಕೂಲರ್ ಚೆನ್ನಾಗಿ ತಂಪಾಗುತ್ತಿದೆ ಎಂಬುದರ ಗುರುತು ಅದು.

ಹನಿಗಳು ಗಾಳಿಯ ಜೊತೆಗೇ ಹೋಗಿಬಿಟ್ಟರೆ ತೊಂದರೆ ಇಲ್ಲ. ಎರಡೂ ಬಾಯಿ ಮೇಲಕ್ಕಿರುವ ಹಾಗೆ ಕೂರಿಸಿದರೆ ಮಾತ್ರ ತಳದಲ್ಲಿ ಕೆರೆ ಕಟ್ಟುತ್ತದೆ. ಮೆಲ್ಲ ಓಡಿಸಿ ಓಡಿಸಿ ಒಮ್ಮೆಲೇ ಕಾಲು ಒತ್ತಿದಾಗ ಅದೆಲ್ಲ ಎಂಜಿನ್‌ಗೆ ನುಗ್ಗಿ ಗಾಡಿ ಕೆಮ್ಮುತ್ತದೆ. ಹೊರಹೋಗುವ ಬಾಯಿ ಕೆಳಗಿರಲಿ. ತಳಕ್ಕೆ ಒಂದು ಬೋಲ್ಟ್ ಇಟ್ಟರೆ ಸರ್ವಿಸ್‌ನಲ್ಲಿ ಬಿಚ್ಚಿ ಬಸಿಯಬಹುದು. ಬರೀ ತೂತು ಕೊರೆದು ಬಿಡಬೇಡಿ.

ಮಡಿಕೇರಿ ತಂಪು ಊರು. ಅಲ್ಲಿಗೆ ಹತ್ತುವಾಗ ಇಂಟರ್‌ಕೂಲರ್‌ಗೆ ಸುಖವಲ್ಲವಾ?

ಕಾಣುವುದು ಹಾಗೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲೆ, ನಮ್ಮಲ್ಲಿಗಿಂತ ಏಳು ಡಿಗ್ರಿ ತಂಪು. ಆದರೆ ಮೇಲೆ ಗಾಳಿ ತೆಳು, ಒತ್ತಡ ಎಂಟನೇ ಒಂದು ಪಾಲು ಕಡಿಮೆ. ಎಂಜಿನ್‌ಗೆ ಅದೇ ಒತ್ತಡ ಕೊಡಬೇಕೆಂದು ಇಸಿಯು ಹಠ ಹಿಡಿದರೆ ಟರ್ಬೊ ಗಾಳಿಯನ್ನು ಎರಡರ ಬದಲು 2.3 ಪಟ್ಟು ಒತ್ತಬೇಕು. ಲೆಕ್ಕ ಹಾಕಿದರೆ 28 ಡಿಗ್ರಿಯಲ್ಲಿ ಒಳಹೊಕ್ಕ ಗಾಳಿ 140 ಡಿಗ್ರಿ ದಾಟಿ ಹೊರಬರುತ್ತದೆ, ಕೆಳಗಿನದಕ್ಕಿಂತ ಹೆಚ್ಚು ಬಿಸಿ. ಜೊತೆಗೆ ಎರಡನೇ ಗೇರಿನಲ್ಲಿ 30ರ ವೇಗ, ಎದುರುಗಾಳಿ ಇಲ್ಲ, ಮುಂದೊಂದು ಮರದ ಲಾರಿ.

ಲಾರಿಗೆ ಅಂಟಿಕೊಂಡು ಹೋಗಬೇಡಿ, ಅದರ ಬಿಸಿಯನ್ನೇ ನೀವು ಉಸಿರಾಡುವುದು. ಅಂತರ ಬಿಡಿ. ಹತ್ತಿದ ಮೇಲೆ ಚಾ ಕುಡಿಯಲು ನಿಲ್ಲಿಸುವವರು ಎಂಜಿನ್ ಒಂದೆರಡು ನಿಮಿಷ ಸುಮ್ಮನೆ ತಿರುಗಲು ಬಿಡಿ. ಇದು ಇಂಟರ್‌ಕೂಲರ್‌ಗಿಂತ ಟರ್ಬೊದ ಬೇರಿಂಗಿಗೆ ಒಳ್ಳೆಯದು.

ಟ್ರಾಫಿಕ್‌ನಲ್ಲಿ ನಿಂತು ಹೊರಟರೆ ಪಿಕಪ್ ಇರುವುದಿಲ್ಲ. ಫ್ಯಾನ್ ಹಾಕಿಸಲಾ?

ಹೆದ್ದಾರಿ ಕೆಲಸದ ಹೊತ್ತಿನಲ್ಲಿ ಸರ್ವಿಸ್ ರಸ್ತೆಯಲ್ಲಿ ತೆವಳಿದವರಿಗೆಲ್ಲ ಈ ಅನುಭವ ಉಂಟು. ಕಾದ ಕೋರ್ ಒಂದೆರಡು ನಿಮಿಷ ಓಡಿದರೆ ತಾನೇ ತಣಿಯುತ್ತದೆ. ನೆತ್ತಿಯ ಮೇಲೆ ಇಂಟರ್‌ಕೂಲರ್ ಇರುವ ಗಾಡಿಗೆ ಸಣ್ಣ ಫ್ಯಾನ್ ಹಾಕಿದರೆ ಪ್ರಯೋಜನ ಉಂಟು. ಮುಂದಿರುವುದಕ್ಕೆ ರೇಡಿಯೇಟರ್ ಫ್ಯಾನೇ ಎಳೆಯುತ್ತದೆ, ಇನ್ನೊಂದು ಹಾಕಿದರೆ ಓಡುವಾಗ ಅದರ ರೆಕ್ಕೆಗಳೇ ಗಾಳಿಗೆ ಅಡ್ಡ.

ನನ್ನ ಇಂಟರ್‌ಕೂಲರ್ ಸರಿ ಕೆಲಸ ಮಾಡುತ್ತದಾ ಎಂದು ತಿಳಿಯುವುದು ಹೇಗೆ?

ಬ್ಲೂಟೂತ್‌ನ ಸಣ್ಣ ಓಬಿಡಿ ಸ್ಕ್ಯಾನರ್ (ಎಂಜಿನ್ ಕಂಪ್ಯೂಟರಿನ ಲೆಕ್ಕ ಓದುವ ಉಪಕರಣ) ಒಂದು ಸಾಕು. ಇಂಟೇಕ್ ಗಾಳಿಯ ಉಷ್ಣತೆ ಅದರಲ್ಲಿ ಕಾಣುತ್ತದೆ. ಸಮ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಹೊರಗಿನದಕ್ಕಿಂತ 10, 15 ಡಿಗ್ರಿ ಹೆಚ್ಚಿದ್ದರೆ ಚಿಂತೆ ಬೇಡ. ಏರಿನಲ್ಲಿ ಮೇಲೇರಿ, ಸಮತಟ್ಟಿಗೆ ಬಂದ ಮೇಲೂ ಇಳಿಯದಿದ್ದರೆ ಗಾಳಿಯ ದಾರಿ ಕಟ್ಟಿದೆ.

ಇಲ್ಲಿ ಅನೇಕರು ಮೋಸ ಹೋಗುತ್ತಾರೆ. ಕೆಲವು ಡೀಸೆಲ್‌ಗಳಲ್ಲಿ ಸ್ಕ್ಯಾನರ್ ತೋರಿಸುವುದು ಏರ್ ಫಿಲ್ಟರ್ ಪಕ್ಕದ ಸೆನ್ಸರ್‌ನ ಲೆಕ್ಕ, ಅಂದರೆ ಟರ್ಬೊಗಿಂತ ಮೊದಲಿನ ಗಾಳಿ. ಅದು ಯಾವಾಗಲೂ ತಂಪೇ. ಸೆನ್ಸರ್ ಎಲ್ಲಿದೆ ಎಂದು ಮೊದಲು ನೋಡಿ. ಇಂಟರ್‌ಕೂಲರ್‌ನ ಎರಡೂ ಬಾಯಿಗೆ ಥರ್ಮಾಮೀಟರ್ ಹಾಕಲು ಆದರೆ ಲೆಕ್ಕ ಸಲೀಸು: ಒಳಗೆ 130, ಹೊರಗೆ 60, ವಾತಾವರಣ 35 ಎಂದಾದರೆ, ಇಳಿಸಬಹುದಾಗಿದ್ದ 95ರಲ್ಲಿ 70 ಇಳಿಸಿತು, ನೂರಕ್ಕೆ 74. ನಮ್ಮ ರಸ್ತೆಗೆ ಅದು ಧಾರಾಳ.

ಪೈಪಿನೊಳಗೆ ಎಣ್ಣೆ ಕಾಣುತ್ತದೆ. ಟರ್ಬೊ ಹೋಯಿತಾ?

ಬೆರಳಿಗೆ ಅಂಟುವಷ್ಟು ಎಣ್ಣೆ ಇರುವುದು ಸಹಜ, ಎಂಜಿನ್‌ನ ಉಸಿರಿನ ಪೈಪಿನಿಂದ ಬರುತ್ತದೆ. ಬಗ್ಗಿಸಿದರೆ ಸುರಿಯುವಷ್ಟು ಇದ್ದರೆ ಮಾತ್ರ ಟರ್ಬೊ ನೋಡಿಸಿ, ತಡ ಮಾಡಬೇಡಿ. ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಕುಡಿದು, ಚಾವಿ ತೆಗೆದರೂ ನಿಲ್ಲದೆ ತಾನೇ ಓಡತೊಡಗುವುದುಂಟು. ಒಮ್ಮೆ ಆ ಶಬ್ದ ಕೇಳಿದವರು ಮರೆಯುವುದಿಲ್ಲ. ಟರ್ಬೊ ಬದಲಿಸಿದಾಗ ಇಂಟರ್‌ಕೂಲರ್‌ನ ಒಳಗನ್ನೂ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಹಳೇ ಟರ್ಬೊದ ಲೋಹದ ಚೂರುಗಳು ಅದರಲ್ಲಿ ಕೂತಿರುತ್ತವೆ.

ಪೈಪಿನ ಕ್ಲ್ಯಾಂಪ್ ಸಡಿಲವಾಗಿ ಬೂಸ್ಟ್ ಸೋರುತ್ತಿದ್ದರೆ ಸುಂಯ್ ಎಂಬ ಶಬ್ದ, ಹೊಗೆ, ಸೋರುವ ಜಾಗದಲ್ಲಿ ಎಣ್ಣೆಯ ಕಲೆ. ಕಡಿಮೆ ಒತ್ತಡದಲ್ಲಿ ಗಾಳಿ ತುಂಬಿ ಸೋಪು ನೀರು ಬಳಿದರೆ ಗುಳ್ಳೆ ಬರುತ್ತದೆ, ಪಂಕ್ಚರ್ ಅಂಗಡಿಯ ವಿದ್ಯೆಯೇ.

ತೊಳೆಯುವುದು ಹೇಗೆ? ಎಷ್ಟು ಸಲ?

ನಮ್ಮಲ್ಲಿ ಕೋರ್‌ನ ಶತ್ರುಗಳು ಋತುವಿಗೊಬ್ಬರು. ಬೇಸಗೆಯಲ್ಲಿ ಕೆಂಪುಕಲ್ಲಿನ ಕೋರೆಗಳ ದೂಳು, ಅದು ಎಣ್ಣೆಯ ಪಸೆಗೆ ಸೇರಿದರೆ ಗಾರೆಯ ಹಾಗೆ ಕೂರುತ್ತದೆ. ಮೊದಲ ಮಳೆಯ ಸಂಜೆ ರೆಕ್ಕೆ ಬಂದ ಗೆದ್ದಲು, ಹೆಡ್‌ಲೈಟಿಗೆ ಮುತ್ತಿ ನೇರ ಫಿನ್‌ಗಳೊಳಗೆ. ಒಂದೇ ರಾತ್ರಿಯಲ್ಲಿ ಅರ್ಧ ಮುಖ ಮುಚ್ಚಿದ ಕೋರ್ ನಾನು ಕಂಡಿದ್ದೇನೆ. ಇನ್ನು ಮಂಜೇಶ್ವರ, ಮೊಗ್ರಾಲ್ ಕಡೆ ಸಮುದ್ರಕ್ಕೆ ತಾಗಿ ಮನೆ ಇರುವವರಿಗೆ ವರ್ಷವಿಡೀ ಉಪ್ಪುಗಾಳಿ. ಅಲ್ಯುಮಿನಿಯಂ ಮೇಲೆ ಬಿಳಿ ಹಿಟ್ಟಿನ ಹಾಗೆ ಬೂದಿ ಬಂದರೆ ತಿನ್ನಲು ಸುರು ಎಂದರ್ಥ.

ಸಿಹಿನೀರಿನಲ್ಲಿ, ಸಾಧ್ಯವಾದರೆ ಹಿಂದಿನಿಂದ ಮುಂದಕ್ಕೆ, ತೋಟದ ಪೈಪಿನ ಒತ್ತಡದಲ್ಲಿ ತೊಳೆಯಿರಿ. ಅಡಿಕೆಗೆ ಮೈಲುತುತ್ತಿನ ಬೋರ್ಡೋ ದ್ರಾವಣ ಹೊಡೆಯುವ ಪಂಪಿನಿಂದ ತೊಳೆಯುವವರಿದ್ದಾರೆ. ಬೇಡ, ಒತ್ತಡಕ್ಕೆ ಫಿನ್ ಮಡಚುತ್ತದೆ, ಮೇಲಾಗಿ ಅದರಲ್ಲಿ ಉಳಿದ ಮೈಲುತುತ್ತಿನ ತಾಮ್ರ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ಮಡಚಿದ ಫಿನ್‌ಗಳನ್ನು ತಾಳ್ಮೆಯಿಂದ ಸಣ್ಣ ಚಪ್ಪಟೆ ಕಡ್ಡಿಯಲ್ಲಿ ನೇರ ಮಾಡಬಹುದು. ಸಮುದ್ರದ ಹತ್ತಿರದವರು ತಿಂಗಳಿಗೊಮ್ಮೆ, ಉಳಿದವರು ಬೇಸಗೆಯ ಕೊನೆಗೆ ಒಮ್ಮೆ, ಗೆದ್ದಲು ಹಾರಿದ ಮರುದಿನ ಒಮ್ಮೆ.

ಬದಲಾಯಿಸಿದರೆ ಆರ್‌ಟಿಓದವರು ಹಿಡಿಯುತ್ತಾರಾ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವ ಹಾಗೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದ್ದು ಕೇರಳದ್ದೇ ಒಂದು ಪ್ರಕರಣದಲ್ಲಿ. ಕೇರಳ, ಕರ್ನಾಟಕ ಗಡಿಯ ತಲಪಾಡಿ ದಾಟಿದರೆ ಬೇರೆ ಕಾನೂನು ಎಂದು ತಿಳಿದವರಿದ್ದಾರೆ, ಕೆಎಲ್ 14 ಆಗಲಿ ಕೆಎ 19 ಆಗಲಿ ಕಾಯ್ದೆ ಒಂದೇ. ಕಂಪನಿಯ ಜಾಗದಲ್ಲಿ ಕಂಪನಿಯ ಅಳತೆಯದ್ದೇ ಬದಲಿಸುವುದು ರಿಪೇರಿ. ಬಾನೆಟ್ ಕೊಯ್ಯುವುದು, ಬೂಸ್ಟ್ ಏರಿಸುವುದು ಬೇರೆ ಮಾತು, ಇನ್ಶೂರೆನ್ಸ್‌ನವರೂ ಕ್ಲೇಮ್ ಹೊತ್ತಿಗೆ ಅದನ್ನೇ ಎತ್ತುತ್ತಾರೆ. ಬಂಪರ್ ಹಿಂದಿನ ಕಬ್ಬಿಣದ ತೊಲೆಯನ್ನು ಇಂಟರ್‌ಕೂಲರ್‌ಗೆ ಜಾಗ ಮಾಡಲು ಕೊಯ್ಯುವ ಕೆಲಸವನ್ನು ನಾನು ಯಾರಿಗೂ ಮಾಡಿಕೊಡುವುದಿಲ್ಲ. ಡಿಕ್ಕಿಯಾದಾಗ ನಿಮ್ಮ ಮೊಣಕಾಲು ಕಾಯುವುದು ಅದು.

ಕಪ್ಪು ಬಣ್ಣ ಬಳಿದರೆ ಬೇಗ ತಣಿಯುತ್ತದಂತೆ, ಹೌದಾ?

ಇಂಟರ್‌ಕೂಲರ್ ಬಿಸಿ ಬಿಡುವುದು ಬಹುಪಾಲು ಗಾಳಿಗೆ ತಾಗಿಯೇ, ಬಣ್ಣದ ಲಾಭ ಲೆಕ್ಕಕ್ಕೆ ಸಿಗದು. ಹೊರಗಿನಿಂದ ಕಾಣಬಾರದೆಂದಿದ್ದರೆ ಸ್ಪ್ರೇ ಡಬ್ಬಿಯಲ್ಲಿ ಒಂದೇ ತೆಳು ಕೈ ಹೊಡೆಯಿರಿ. ಬ್ರಷ್‌ನಲ್ಲಿ ಬಳಿಯಬೇಡಿ. ಗೇಟಿಗೆ ಬಳಿದು ಉಳಿದ ಬಣ್ಣವನ್ನು ಅದಕ್ಕೆ ಬಳಿದುಕೊಂಡು ಬಂದ ಒಬ್ಬರ ಕೋರ್ ಬಿಡಿಸಲು ನನಗೆ ಎರಡು ದಿನ ಹಿಡಿಯಿತು.